ನಕ್ಷತ್ರ ಸಾಲಕ್ಕೆ ಸಿಗೋದಿಲ್ಲ!

‘ಬ್ಲೌಸ್ ಎಲ್ಲಿ ಹೊಲಿಸಿದ್ರಿ? ಎಷ್ಟು ಚೆನ್ನಾಗಿ ಕೂತಿದೆ!’, ‘ಈ ಒಬ್ಬಟ್ಟು ಯಾರ ಹತ್ರ ತರಿಸಿದ್ರಿ? ನಮಗೂ ನಂಬರ್ ಕೊಡಿ’. ಮದುವೆ ಮನೆಯಲ್ಲಿ, ಅರಿಶಿನ-ಕುಂಕುಮಕ್ಕೆ ಹೋದಲ್ಲಿ, ಮಕ್ಕಳ ಸ್ಕೂಲ್ ಬಸ್ಸಿಗೆ ಕಾಯುವಲ್ಲಿ ನಾವು ಹೆಂಗಸರು ದಿನಾ ಆಡುವ ಮಾತುಗಳಿವು. ಆಡಲು ಖರ್ಚೇನೂ ಇಲ್ಲ. ಆದರೆ ಇಂಥ ಒಂದೊಂದು ಮಾತಿನಿಂದಲೇ ಯಾರದೋ ಮನೆಯ ಬಾಡಿಗೆ ಹುಟ್ಟುತ್ತದೆ, ಯಾರದೋ ಮಗಳ ಕಾಲೇಜು ಫೀಸು ಕಟ್ಟಿ ಮುಗಿಯುತ್ತದೆ. ಮನೆಯಲ್ಲೇ ಕುಳಿತು ಹೊಲಿಯುವ, ಚಕ್ಕುಲಿ-ಕೋಡುಬಳೆ ಕರಿದು ಮಾರುವ, ಮೆಹಂದಿ ಹಾಕುವ ನಮ್ಮಂಥ ಹೆಂಗಸರು ಯಾವ ಪೇಪರಿನಲ್ಲೂ ಜಾಹೀರಾತು ಕೊಟ್ಟವರಲ್ಲ. ಅವರನ್ನು ಬೆಳೆಸಿದ್ದು ಬಾಯಿಮಾತು.

ಈ ಬಾಯಿಮಾತು ಈಗ ಮನೆ ಬದಲಾಯಿಸಿಬಿಟ್ಟಿದೆ ಕಣ್ರೀ! ಹೊಸದಾಗಿ ಅಪಾರ್ಟ್‌ಮೆಂಟಿಗೆ ಬಂದವರಿಗೆ ಎದುರುಮನೆಯವರ ಹೆಸರೇ ಗೊತ್ತಿರೋದಿಲ್ಲ, ಇನ್ನು ಟೈಲರ್ ಯಾರು ಅಂತ ಕೇಳೋದು ಎಲ್ಲಿ? ಮೊಬೈಲ್ ತೆಗೆದು ‘ಹತ್ತಿರದ ಟೈಲರ್’ ಎಂದು ಹುಡುಕುತ್ತಾರೆ. ಮ್ಯಾಪಿನಲ್ಲಿ ಸ್ಟಾರ್ ನೋಡುತ್ತಾರೆ, ಕೆಳಗೆ ನಾಲ್ಕು ಜನ ಬರೆದದ್ದನ್ನು ಓದುತ್ತಾರೆ, ಹೋಗುತ್ತಾರೆ. 1996ರಲ್ಲಿ ಜಸ್ಟ್‌ಡಯಲ್ ಶುರುವಾದಾಗ ಫೋನ್ ಮಾಡಿ ನಂಬರ್ ಕೇಳುವ ಕಾಲ. 2000ದಲ್ಲಿ ಮೌತ್‌ಶಟ್ ಬಂತು, 2008ರಲ್ಲಿ ಮುಂದೆ ಜೊಮ್ಯಾಟೊ ಎಂದು ಹೆಸರಾದ ತಾಣ ಹುಟ್ಟಿತು. ಈಗಂತೂ ಗೂಗಲ್ ಮ್ಯಾಪಿನಲ್ಲಿ ಇಸ್ತ್ರಿ ಅಂಗಡಿಗೂ ರಿವ್ಯೂ ಇದೆ.

ಇಲ್ಲೊಂದು ಅನ್ಯಾಯ ನಡೆಯುತ್ತದೆ, ಗಮನಿಸಿದ್ದೀರಾ? ಹದಿನೈದು ವರ್ಷದಿಂದ ಬಡಾವಣೆಯ ಅರ್ಧ ಹೆಂಗಸರಿಗೆ ಬ್ಲೌಸ್ ಹೊಲಿದುಕೊಟ್ಟಾಕೆ ಮೊಬೈಲಿನೊಳಗೆ ಇಲ್ಲವೇ ಇಲ್ಲ. ಹೋದ ತಿಂಗಳು ಬಾಗಿಲು ತೆರೆದ ಬೊಟಿಕ್‌ಗೆ ಎಂಬತ್ತು ರಿವ್ಯೂ, ಎಲ್ಲವೂ ಐದು ಸ್ಟಾರ್! ಕೆಲಸ ಬಲ್ಲವಳು ಹಿಂದೆ, ಗದ್ದಲ ಬಲ್ಲವರು ಮುಂದೆ. ಇದನ್ನು ಸರಿಮಾಡಬೇಕಾದರೆ ಮನೆವ್ಯಾಪಾರದ ಹೆಂಗಸರೂ ರಿವ್ಯೂ ಲೋಕಕ್ಕೆ ಕಾಲಿಡಬೇಕು. ಆದರೆ ಅಡ್ಡದಾರಿಯಲ್ಲಿ ಬೇಡ, ರಾಜಮಾರ್ಗದಲ್ಲೇ ಬನ್ನಿ ಎನ್ನುವುದು ನನ್ನ ವಾದ.

ಚಿಕ್ಕವರಿಗೇ ಹೆಚ್ಚು ಲಾಭ

‘ನಮ್ಮದೇನು ದೊಡ್ಡ ವ್ಯಾಪಾರವಾ, ನಮಗ್ಯಾಕೆ ಅದೆಲ್ಲಾ?’ ಅನ್ನುವವರಿದ್ದಾರೆ. ವಿಷಯ ತಿರುಗಾ ಮುರುಗಾ ಇದೆ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ ಅವರು ಸಿಯಾಟಲ್ ನಗರದ ಹೋಟೆಲುಗಳ ಆದಾಯವನ್ನೂ, ಅಲ್ಲಿ ಜನಪ್ರಿಯವಾದ ಯೆಲ್ಪ್ ಎಂಬ ತಾಣದ ಸ್ಟಾರ್‌ಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ 2011ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತದೆ ಎಂದು ಅವರು ಕಂಡರು. ಈ ಏರಿಕೆ ಕಂಡದ್ದು ಸ್ವತಂತ್ರ ಹೋಟೆಲುಗಳಲ್ಲಿ. ಊರೂರಿಗೆ ಶಾಖೆ ಇರುವ ದೊಡ್ಡ ಕಂಪನಿಗಳ ಹೋಟೆಲುಗಳಿಗೆ ಸ್ಟಾರ್‌ನಿಂದ ಆದ ವ್ಯತ್ಯಾಸ ಕಾಣಲಿಲ್ಲ.

ಕಾರಣ ಸುಲಭ. ದೊಡ್ಡ ಬ್ರ್ಯಾಂಡಿನ ಪಿಜ್ಜಾ ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು, ರಿವ್ಯೂ ಓದಿ ತಿಳಿಯುವುದೇನೂ ಇಲ್ಲ. ನಿಮ್ಮ ಮನೆಯ ಬಿಸಿಬೇಳೆಬಾತ್ ಹೇಗಿರುತ್ತೆ ಅಂತ ಯಾರಿಗೂ ಗೊತ್ತಿಲ್ಲ. ತಿಂದವರು ಹೇಳಿದರೆ ಮಾತ್ರ ತಿಳಿಯುತ್ತದೆ. ಹೆಸರಿಲ್ಲದವರಿಗೆ ಹೆಸರು ತಂದುಕೊಡುವ ದಾರಿ ಇದು.

ಮೊದಲು ಜಾಗ ಮಾಡಿಕೊಳ್ಳಿ

ಗೂಗಲ್‌ನಲ್ಲಿ ವ್ಯಾಪಾರದ ಪುಟ ಮಾಡಿಕೊಳ್ಳಲು ದುಡ್ಡು ಕೊಡಬೇಕಿಲ್ಲ. ನಿಮ್ಮ ಇ-ಮೇಲ್‌ನಿಂದ ನೀವೇ ಮಾಡಬಹುದು, ಇಲ್ಲವೇ ಮಗನನ್ನೋ ಮಗಳನ್ನೋ ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಗೂಗಲ್ ಕಂಪನಿಯಿಂದ ಮಾತಾಡ್ತಾ ಇದ್ದೀವಿ, ದುಡ್ಡು ಕಟ್ಟದಿದ್ದರೆ ನಿಮ್ಮ ಪುಟ ಅಳಿಸಿಹೋಗುತ್ತೆ’ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ ಎಂದೇ ತಿಳಿಯಿರಿ. ಓಟಿಪಿ ಅಂತೂ ಹೇಳಲೇಬೇಡಿ.

‘ಮನೆ ವಿಳಾಸ ಊರಿಗೆಲ್ಲ ಗೊತ್ತಾದರೆ?’ ಎನ್ನುವ ಭಯ ಹೆಂಗಸರಿಗೆ ಸಹಜ. ಅದಕ್ಕೂ ಉಪಾಯವಿದೆ. ನೀವೇ ಗ್ರಾಹಕರ ಮನೆಗೆ ಹೋಗಿ ಮೆಹಂದಿ ಹಾಕುವವರಾದರೆ, ತಿಂಡಿ ತಲುಪಿಸುವವರಾದರೆ, ವಿಳಾಸ ಮರೆಮಾಡಿ ಯಾವ ಯಾವ ಬಡಾವಣೆಗೆ ಹೋಗುತ್ತೀರಿ ಎಂಬುದನ್ನಷ್ಟೇ ತೋರಿಸಬಹುದು. ವ್ಯಾಪಾರಕ್ಕೆ ಬೇರೆಯೇ ಸಿಮ್ ಇಟ್ಟುಕೊಳ್ಳಿ. ಮನೆಯ ನಂಬರಿಗೆ ರಾತ್ರಿ ಹನ್ನೊಂದಕ್ಕೆ ‘ಹಾಯ್’ ಎಂಬ ಮೆಸೇಜ್ ಬರುವುದು ತಪ್ಪುತ್ತದೆ.

ಫೋಟೋಗಳು ನಿಮ್ಮ ಕೈಕೆಲಸದ್ದೇ ಆಗಿರಲಿ. ಇಂಟರ್ನೆಟ್‌ನಿಂದ ಯಾರದೋ ಕೇಕಿನ ಚಿತ್ರ ಎತ್ತಿ ಹಾಕಿದರೆ ಗ್ರಾಹಕರು ಅದನ್ನೇ ನಿರೀಕ್ಷಿಸುತ್ತಾರೆ, ಮೊದಲ ದೂರು ಅಲ್ಲಿಂದಲೇ ಬರುತ್ತದೆ. ತಿಂಡಿ ವ್ಯಾಪಾರದವರು ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ಆ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೂ ಪುಟದಲ್ಲೂ ಕಾಣುವಂತೆ ಹಾಕಿ. ಹತ್ತು ಹೊಗಳಿಕೆಗಿಂತ ಆ ಒಂದು ಸಾಲು ಹೊಸಬರ ಧೈರ್ಯ ಹೆಚ್ಚಿಸುತ್ತದೆ.

ಹೆತ್ತವರಿಗೆ ಹೆಗ್ಗಣ ಮುದ್ದು

ಪುಟ ಆಯಿತು. ಮುಂದೇನು? ಹೆಚ್ಚಿನವರು ಮಾಡುವುದು ಒಂದೇ. ಫ್ಯಾಮಿಲಿ ಗ್ರೂಪಿಗೆ ಲಿಂಕ್ ಹಾಕಿ ‘ಎಲ್ಲರೂ ಐದು ಸ್ಟಾರ್ ಕೊಡಿ, ಪ್ಲೀಸ್’ ಅನ್ನುವುದು! ಅತ್ತಿಗೆ, ನಾದಿನಿ, ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಎಲ್ಲರೂ ‘ಸೂಪರ್’, ‘ಬೆಸ್ಟ್ ಇನ್ ಬೆಂಗಳೂರು’ ಎಂದು ಗೀಚುತ್ತಾರೆ. ಒಂದೇ ದಿನ ಮೂವತ್ತು ರಿವ್ಯೂ.

ಪ್ರೀತಿಯಿಂದಲೇ ಮಾಡುತ್ತಾರೆ, ಅಲ್ಲ ಅನ್ನಲಾರೆ. ಆದರೆ ಓದುವವರು ದಡ್ಡರಲ್ಲ. ನಾವೇ ಎಷ್ಟು ಸಲ ಇಂಥದ್ದನ್ನು ನೋಡಿ ‘ಎಲ್ಲಾ ಅವರ ಕಡೆಯವರೇ ಇರಬೇಕು’ ಅಂದಿಲ್ಲ? ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ. ಹಾಗಂತ ಹೆಗ್ಗಣಕ್ಕೆ ಸರ್ಟಿಫಿಕೇಟ್ ಬರೆಸಿದರೆ ಊರವರು ನಂಬುತ್ತಾರೆಯೇ? ಗೂಗಲ್‌ನ ನಿಯಮವೂ ಹಾಗೇ ಇದೆ. ತನ್ನ ವ್ಯಾಪಾರಕ್ಕೆ ತಾನೇ ರಿವ್ಯೂ ಬರೆಯುವಂತಿಲ್ಲ. ದುಡ್ಡು, ರಿಯಾಯಿತಿ, ಉಚಿತ ವಸ್ತು ಕೊಟ್ಟು ಬರೆಸುವಂತಿಲ್ಲ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವಂತೆಯೂ ಇಲ್ಲ. ಸುಳ್ಳು ಎಂದು ಕಂಡರೆ ರಿವ್ಯೂಗಳನ್ನು ತೆಗೆದುಹಾಕುತ್ತಾರೆ, ಪುಟಕ್ಕೇ ನಿರ್ಬಂಧ ಹಾಕುವುದೂ ಉಂಟು. ಆಗ ಸುಳ್ಳಿನ ಜತೆ ನಿಮ್ಮ ನಿಜವಾದ ಗ್ರಾಹಕರು ಬರೆದದ್ದಕ್ಕೂ ಕುತ್ತು.

ಸುಳ್ಳು ಸ್ಟಾರ್ ಎಷ್ಟು ಎತ್ತರಕ್ಕೆ ಏರಬಲ್ಲದು ಎಂಬುದಕ್ಕೆ ಲಂಡನ್ನಿನ ಒಂದು ಕಥೆ ಪ್ರಸಿದ್ಧ. ಊಬಾ ಬಟ್ಲರ್ ಎಂಬ ಬರಹಗಾರ ತನ್ನ ಹಿತ್ತಿಲ ಶೆಡ್ಡಿಗೆ ‘ದಿ ಶೆಡ್ ಅಟ್ ಡಲ್ವಿಚ್’ ಎಂದು ಹೆಸರಿಟ್ಟು, ಇಲ್ಲದ ಹೋಟೆಲನ್ನು ಟ್ರಿಪ್‌ಅಡ್ವೈಸರ್ ತಾಣದಲ್ಲಿ ಸೇರಿಸಿ, ಗೆಳೆಯರಿಂದ ಸುಳ್ಳು ರಿವ್ಯೂ ಬರೆಸಿದ. 2017ರ ನವೆಂಬರಿನಲ್ಲಿ ಅದು ಇಡೀ ಲಂಡನ್ನಿಗೆ ನಂಬರ್ ಒನ್ ಹೋಟೆಲ್! ಸೀಟು ಬೇಕೆಂದು ಜನ ಫೋನ್ ಮೇಲೆ ಫೋನ್. ಅವನಿಗದು ಒಂದು ತಮಾಷೆ, ಬರೆಯಲು ಒಂದು ವಿಷಯ. ಮುಗಿದ ಮೇಲೆ ಮುಚ್ಚಿಟ್ಟು ನಕ್ಕ. ನಾವು ಹಾಗೆ ನಕ್ಕು ಸುಮ್ಮನಾಗುವ ಹಾಗಿಲ್ಲ. ನಾಳೆ ಬೆಳಿಗ್ಗೆ ಹಾಲಿನ ಬೂತಿನಲ್ಲಿ ಅದೇ ಗ್ರಾಹಕರ ಮುಖ ನೋಡಬೇಕು.

ಕೇಳುವುದಕ್ಕೂ ಒಂದು ರೀತಿಯಿದೆ

ಹಾಗಾದರೆ ಕೇಳಲೇಬಾರದೇ? ಖಂಡಿತ ಕೇಳಿ. ಕೇಳದೆ ಯಾರೂ ಬರೆಯುವುದಿಲ್ಲ. ಸಿಟ್ಟು ಬಂದವರು ತಾವಾಗಿಯೇ ಬರೆಯುತ್ತಾರೆ, ತೃಪ್ತಿಯಾದವರು ‘ಚೆನ್ನಾಗಿತ್ತು’ ಎಂದು ನಿಮಗೆ ಹೇಳಿ ಮರೆತುಬಿಡುತ್ತಾರೆ. ಆದ್ದರಿಂದ ಈ ಕೆಲವು ಮಾತು ನೆನಪಿಡಿ.

* ಎಲ್ಲರನ್ನೂ ಕೇಳಿ. ಹೊಗಳುವವರು ಯಾರು, ಗೊಣಗುವವರು ಯಾರು ಎಂದು ಆರಿಸಬೇಡಿ. ಪೊಟ್ಟಣದ ಜತೆ ಒಂದು ಚಿಕ್ಕ ಚೀಟಿಯಲ್ಲಿ ಕ್ಯೂಆರ್ ಕೋಡ್ ಮುದ್ರಿಸಿ ಹಾಕಿದರೆ ಮುಜುಗರವೂ ಇಲ್ಲ.

* ಐದು ಸ್ಟಾರ್ ಕೇಳಬೇಡಿ, ಅನುಭವ ಕೇಳಿ. ‘ಏನು ತಗೊಂಡ್ರಿ, ಹೇಗಿತ್ತು, ಹೇಳಿದ ಟೈಮಿಗೆ ಬಂತಾ, ಎರಡು ಸಾಲು ಬರೆಯಿರಿ’ ಎನ್ನಿ. ‘ಸೂಪರ್’ ಎಂಬ ಒಂದು ಪದಕ್ಕಿಂತ ‘ಮಗಳ ಸೀಮಂತಕ್ಕೆ ನೂರು ಒಬ್ಬಟ್ಟು ಹೇಳಿದ್ದೆವು, ಹನ್ನೊಂದು ಗಂಟೆಗೇ ತಂದುಕೊಟ್ಟರು, ಹೂರಣ ಸ್ವಲ್ಪ ಸಿಹಿ ಹೆಚ್ಚು’ ಎಂಬ ಮಾತು ನೂರು ಪಾಲು ಮೇಲು. ಸಿಹಿ ಹೆಚ್ಚು ಎಂದರೂ ಚಿಂತೆಯಿಲ್ಲ, ಸಿಹಿ ಇಷ್ಟಪಡುವವರು ಅದನ್ನೋದಿಯೇ ಬರುತ್ತಾರೆ!

* ಹೊತ್ತು ನೋಡಿ ಕೇಳಿ. ಬ್ಲೌಸ್ ಕೊಟ್ಟ ಕೂಡಲೇ ಬೇಡ, ಉಟ್ಟು ನೋಡಿದ ಮೇಲೆ ಕೇಳಿ. ಒಂದು ಸಲ ನೆನಪಿಸಿದರೆ ಸಾಕು. ಮೂರನೇ ಸಲದ ಮೆಸೇಜಿಗೆ ನಿಮ್ಮ ನಂಬರ್ ಬ್ಲಾಕ್ ಆಗುತ್ತದೆ.

* ಕನ್ನಡದಲ್ಲೇ ಬರೆಯಲಿ. ‘ನನಗೆ ಇಂಗ್ಲಿಷ್ ಬರೆಯೋಕೆ ಬರಲ್ಲ’ ಎಂದು ಹಿಂಜರಿಯುವವರು ಬಹಳ. ಮೊಬೈಲಿನಲ್ಲಿ ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ.

* ಅಪಾರ್ಟ್‌ಮೆಂಟಿನ, ಬಡಾವಣೆಯ ಗ್ರೂಪುಗಳಲ್ಲಿ ಸಭ್ಯತೆ ಇರಲಿ. ಎಷ್ಟೋ ಗ್ರೂಪುಗಳಲ್ಲಿ ವ್ಯಾಪಾರದ ಸುದ್ದಿಗೆ ವಾರಕ್ಕೊಂದೇ ದಿನ. ಆ ನಿಯಮ ಪಾಲಿಸಿ. ಮಿಕ್ಕ ದಿನ ಯಾರೋ ‘ಫಾಲ್ಸ್ ಹಾಕೋರು ಯಾರಾದ್ರೂ ಇದ್ದಾರಾ?’ ಎಂದು ಕೇಳಿದರೆ ನೀವೇ ನಿಮ್ಮ ಹೆಸರು ಹೇಳುವುದಕ್ಕಿಂತ ನಿಮ್ಮ ಗ್ರಾಹಕರೊಬ್ಬರು ಹೇಳಿದರೆ ತೂಕ ಹೆಚ್ಚು. ನೀವೇ ಹೇಳುವುದಾದರೆ ‘ನಾನೇ ಮಾಡ್ತೀನಿ’ ಎಂದು ನೇರವಾಗಿ ಹೇಳಿ. ಬೇರೆ ಹೆಸರಿನಲ್ಲಿ ಬಂದು ನಿಮ್ಮನ್ನೇ ಹೊಗಳಿಕೊಂಡು ಸಿಕ್ಕಿಬಿದ್ದರೆ ಆ ಗ್ರೂಪಿನಲ್ಲಿ ತಲೆ ಎತ್ತುವ ಹಾಗಿಲ್ಲ.

ಒಂದು ಸ್ಟಾರ್ ಬಂದಾಗ

ಬಂದೇ ಬರುತ್ತದೆ. ಎಷ್ಟು ಜೋಪಾನ ಮಾಡಿದರೂ ಒಂದು ದಿನ ಚಕ್ಕುಲಿ ಮೆತ್ತಗಾಗುತ್ತದೆ, ಒಂದು ದಿನ ಬ್ಲೌಸಿನ ತೋಳು ಬಿಗಿಯಾಗುತ್ತದೆ. ಮೈಮುರಿದು ದುಡಿದವಳಿಗೆ ‘ವೇಸ್ಟ್’ ಎಂಬ ಮಾತು ಓದಿದಾಗ ಕಣ್ಣಲ್ಲಿ ನೀರು ಬರುವುದು ಸಹಜ. ಆದರೆ ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆ ಕ್ಷಣಕ್ಕೆ ಉತ್ತರ ಬರೆಯಬೇಡಿ. ಒಂದು ರಾತ್ರಿ ಕಳೆಯಲಿ.

ಮರುದಿನ ಹೀಗೆ ಬರೆಯಿರಿ: ‘ಚಕ್ಕುಲಿ ಗರಿಯಾಗಿರಲಿಲ್ಲ ಎಂದು ತಿಳಿದು ಬೇಸರವಾಯಿತು. ಹೊಸದಾಗಿ ಮಾಡಿ ಕಳುಹಿಸುತ್ತೇನೆ, ಬೇಡವಾದರೆ ಹಣ ವಾಪಸ್ ಮಾಡುತ್ತೇನೆ. ದಯವಿಟ್ಟು ಫೋನ್ ಮಾಡಿ.’ ಇಷ್ಟೇ ಸಾಕು. ಈ ಉತ್ತರ ಓದುವುದು ದೂರು ಕೊಟ್ಟವರು ಒಬ್ಬರೇ ಅಲ್ಲ. ನಾಳೆ ಬರುವ ಹತ್ತು ಹೊಸಬರು ಓದುತ್ತಾರೆ. ತಪ್ಪಾದರೆ ಈಕೆ ಹೇಗೆ ನಡೆದುಕೊಳ್ಳುತ್ತಾಳೆ ಎಂಬುದೇ ಅವರಿಗೆ ಬೇಕಾದ್ದು. ಎಲ್ಲ ಐದು ಸ್ಟಾರಿನ ಪುಟಕ್ಕಿಂತ ಒಂದೆರಡು ದೂರು, ಅದಕ್ಕೊಂದು ಮರ್ಯಾದೆಯ ಉತ್ತರ ಇರುವ ಪುಟವನ್ನೇ ನಾನಂತೂ ನಂಬುತ್ತೇನೆ.

‘ರಿವ್ಯೂ ಅಳಿಸಿದರೆ ದುಡ್ಡು ವಾಪಸ್’ ಎಂದು ಮಾತ್ರ ಷರತ್ತು ಹಾಕಬೇಡಿ, ಅದೂ ನಿಯಮಕ್ಕೆ ವಿರುದ್ಧ. ಗ್ರಾಹಕರ ಮನೆ ವಿಷಯ, ಫೋನ್ ನಂಬರ್ ಉತ್ತರದಲ್ಲಿ ಬರೆಯಬೇಡಿ. ನಿಮ್ಮ ಹತ್ತಿರ ಏನೂ ತೆಗೆದುಕೊಳ್ಳದವರು, ಹೊಟ್ಟೆಕಿಚ್ಚಿನಿಂದಲೋ ಅಶ್ಲೀಲವಾಗಿಯೋ ಬರೆದಿದ್ದರೆ ಅದನ್ನು ವರದಿ ಮಾಡುವ ಗುಂಡಿ ಅಲ್ಲೇ ಇದೆ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ವರದಿ ಮಾಡಿ. ಇಷ್ಟವಾಗಲಿಲ್ಲ ಎಂಬ ಕಾರಣಕ್ಕೆ ಯಾವ ರಿವ್ಯೂವನ್ನೂ ತೆಗೆಯುವುದಿಲ್ಲ, ಅದೂ ನೆನಪಿರಲಿ.

ಸ್ಟಾರ್ ಮಾರುವ ಸಂತೆ

ಈಗ ಇದರ ಇನ್ನೊಂದು ಮುಖ. ಮಧ್ಯಾಹ್ನ ಮನೆಕೆಲಸ ಮುಗಿಸಿ ಕುಳಿತಾಗ ನಿಮ್ಮ ಮೊಬೈಲಿಗೂ ಬಂದಿರಬಹುದು: ‘ಮನೆಯಲ್ಲೇ ಕುಳಿತು ಸಂಪಾದಿಸಿ. ಹೋಟೆಲಿಗೆ ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳುಹಿಸಿದರೆ ದುಡ್ಡು’. ಶುರುವಿನಲ್ಲಿ ನೂರೋ ಇನ್ನೂರೋ ನಿಜವಾಗಿಯೂ ಖಾತೆಗೆ ಬರುತ್ತದೆ. ಆಮೇಲೆ ಟೆಲಿಗ್ರಾಂ ಗ್ರೂಪಿಗೆ ಸೇರಿಸುತ್ತಾರೆ. ‘ದೊಡ್ಡ ಟಾಸ್ಕ್ ಬೇಕಾದರೆ ಮುಂಗಡ ಕಟ್ಟಿ’ ಎನ್ನುತ್ತಾರೆ. ಪರದೆಯ ಮೇಲೆ ಲಾಭ ಬೆಳೆಯುತ್ತಾ ಹೋಗುತ್ತದೆ, ತೆಗೆಯಲು ಹೋದರೆ ‘ಇನ್ನಷ್ಟು ಕಟ್ಟಿ’. ಕೊನೆಗೆ ಗಂಡನಿಗೆ ಹೇಳಲಾಗದೆ, ಒಡವೆ ಅಡವಿಟ್ಟು ಅಳುವ ಸ್ಥಿತಿ.

ಇದು ಅಲ್ಲೊಂದು ಇಲ್ಲೊಂದು ನಡೆದದ್ದಲ್ಲ. 2023ರ ಡಿಸೆಂಬರಿನಲ್ಲಿ ಇಂಥ ‘ಟಾಸ್ಕ್’ ಹೆಸರಿನ ಅರೆಕಾಲಿಕ ಕೆಲಸದ ಮೋಸ ನಡೆಸುತ್ತಿದ್ದ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಕೇಂದ್ರ ಸರ್ಕಾರ ನಿರ್ಬಂಧಿಸಿತು. ವಂಚಕರು ಬಲೆ ಬೀಸುವುದು ನಿವೃತ್ತರಿಗೆ, ಮಹಿಳೆಯರಿಗೆ, ಕೆಲಸವಿಲ್ಲದ ಯುವಕರಿಗೆ ಎಂದು ಗೃಹ ಸಚಿವಾಲಯವೇ ಹೇಳಿತು. ನಿಮಗಾಗಲೀ ಗೊತ್ತಿದ್ದವರಿಗಾಗಲೀ ಹೀಗಾಗಿದ್ದರೆ ನಾಚಿಕೊಂಡು ಕೂರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಕೈತಪ್ಪುತ್ತದೆ.

ಸುಳ್ಳು ಸ್ಟಾರಿಗೆ ಬೆಲೆ ಇರುವವರೆಗೆ ಈ ಸಂತೆ ನಡೆಯುತ್ತಲೇ ಇರುತ್ತದೆ. ‘ಸಾವಿರ ರೂಪಾಯಿಗೆ ಐವತ್ತು ರಿವ್ಯೂ ಕೊಡ್ತೀವಿ’ ಎಂದು ಬಂದವರಿಗೆ ಒಬ್ಬ ಮನೆವ್ಯಾಪಾರದ ಹೆಂಗಸು ದುಡ್ಡು ಕೊಟ್ಟರೆ, ಅದೇ ಕಸುಬಿನ ಹೆಸರಲ್ಲಿ ಇನ್ನೊಂದು ಮನೆಯ ಹೆಂಗಸಿಗೆ ಗಾಳ ಬೀಳುತ್ತದೆ. ನಮ್ಮ ಕೈಯಿಂದ ನಮ್ಮ ಕಣ್ಣಿಗೇ ಚುಚ್ಚಿಕೊಂಡ ಹಾಗೆ, ಅಲ್ಲವೇ?

ಸರ್ಕಾರವೂ ಸುಮ್ಮನೆ ಕೂತಿಲ್ಲ. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರಿನಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ‘ಐಎಸ್ 19000:2022’ ಎಂಬ ಮಾನದಂಡ ತಂದಿತು. ಬರೆಯುವವರು ನಿಜವಾದ ಗ್ರಾಹಕರೇ ಎಂದು ತಾಣಗಳು ಪರಿಶೀಲಿಸಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಪ್ರಕಟಿಸಬಾರದು ಎನ್ನುವುದು ಅದರ ಸಾರ. ಅಮೆರಿಕದಲ್ಲಿ ಸುಳ್ಳು ರಿವ್ಯೂ ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸುವ ನಿಯಮ 2024ರ ಅಕ್ಟೋಬರಿನಿಂದ ಜಾರಿಗೆ ಬಂದಿದೆ. ಆದರೆ ಕಾನೂನು ನಮ್ಮ ಬೀದಿಯ ಹಪ್ಪಳದ ಪುಟದವರೆಗೆ ಬಂದು ಕಾವಲು ಕಾಯುವುದು ಯಾವಾಗ ಹೇಳಿ? ಆ ಕಾವಲು ನಾವೇ ಕಾಯಬೇಕು.

ಕೊಳ್ಳುವವರ ಪಾಲೂ ಇದೆ

ಇಷ್ಟು ಹೊತ್ತು ಮಾರುವವರಿಗೆ ಬುದ್ಧಿ ಹೇಳಿದ್ದಾಯಿತು. ಕೊಳ್ಳುವ ನಮಗೂ ಒಂದು ಮಾತು ಬೇಡವೇ? ದೊಡ್ಡ ಹೋಟೆಲಿಗೆ ಹೋಗಿ ಬಂದರೆ ಫೋಟೋ ಸಮೇತ ರಿವ್ಯೂ ಹಾಕುತ್ತೇವೆ. ವರ್ಷಗಟ್ಟಲೆ ನಮಗೆ ರುಚಿಯಾದ ಪುಳಿಯೋಗರೆ ಗೊಜ್ಜು ಮಾಡಿಕೊಡುವ ಪಕ್ಕದ ರಸ್ತೆಯಾಕೆಗೆ ಎರಡು ಸಾಲು ಬರೆಯಲು ಪುರುಸೊತ್ತಿಲ್ಲ. ಬದಲಿಗೆ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ! ಆ ಹತ್ತು ರೂಪಾಯಿಗಿಂತ ನಿಮ್ಮ ಎರಡು ಸಾಲು ಆಕೆಗೆ ಹೆಚ್ಚು ಗಳಿಸಿಕೊಡುತ್ತದೆ ಎಂಬುದು ಗೊತ್ತಿರಲಿ.

ಹಾಗೆಯೇ, ರಿವ್ಯೂವನ್ನು ಬೆದರಿಕೆಯಾಗಿ ಬಳಸಬೇಡಿ. ‘ರೇಟು ಕಡಿಮೆ ಮಾಡ್ತೀರೋ, ಒಂದು ಸ್ಟಾರ್ ಕೊಡ್ಲೋ?’ ಎನ್ನುವ ಗ್ರಾಹಕರೂ ಇದ್ದಾರೆ. ದೊಡ್ಡ ಕಂಪನಿಗೆ ಒಂದು ಸ್ಟಾರ್ ಲೆಕ್ಕಕ್ಕಿಲ್ಲ. ಒಟ್ಟು ಆರೇ ರಿವ್ಯೂ ಇರುವ ಹೆಂಗಸಿಗೆ ಅದು ಹೊಟ್ಟೆ ಮೇಲೆ ಹೊಡೆದ ಹಾಗೆ. ದೂರು ಇದ್ದರೆ ಮೊದಲು ಆಕೆಗೇ ಹೇಳಿ, ಸರಿಪಡಿಸಲು ಒಂದು ಅವಕಾಶ ಕೊಡಿ. ಆಗಲೂ ಸರಿಹೋಗದಿದ್ದರೆ ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಅದು ನಿಮ್ಮ ಹಕ್ಕು, ಮುಂದಿನವರಿಗೆ ಉಪಕಾರವೂ ಹೌದು. ಹೊಗಳಿಕೆ ಇರಲಿ, ದೂರು ಇರಲಿ, ನಿಜವಾಗಿದ್ದರೆ ಮಾತ್ರ ಅದಕ್ಕೆ ಬೆಲೆ.

ಇವತ್ತು ಒಂದು ಕೆಲಸ ಮಾಡಿ. ಈ ತಿಂಗಳಲ್ಲಿ ನಿಮಗೆ ಹೊಲಿದುಕೊಟ್ಟವರು, ಕರಿದುಕೊಟ್ಟವರು, ಹೂ ಕಟ್ಟಿಕೊಟ್ಟವರು ಯಾರ್‍ಯಾರು ಎಂದು ನೆನಪಿಸಿಕೊಳ್ಳಿ. ಅವರಲ್ಲಿ ಒಬ್ಬರ ಪುಟ ಹುಡುಕಿ ಎರಡು ಸಾಲು ನಿಜ ಬರೆಯಿರಿ. ಪುಟವೇ ಇಲ್ಲವಾದರೆ ಮಾಡಿಕೊಡಲು ಅರ್ಧ ಗಂಟೆ ಕೊಡಿ. ಕಾಫಿ ಹೇಗಿದ್ದರೂ ಅವರೇ ಕೊಡುತ್ತಾರೆ!